ಮನೆಯ ಪಾಲು, ಮಗಳ ಪಾಲು
ಕರಾವಳಿಯ ಉತ್ತರಾಧಿಕಾರ ನ್ಯಾಯದ ಒಂದು ಚಾರಿತ್ರಿಕ ಅವಲೋಕನ

ಧರ್ಮಕೇಂದ್ರದ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ಮದುವೆಯ ಚೀಟಿಗೋ ಪೂಜೆಯ ಅರ್ಪಣೆಗೋ ಬರುತ್ತಾರೆ. ಆದರೆ ವರ್ಷಕ್ಕೆ ಹಲವು ಸಲ, ಕೈಯಲ್ಲಿ ಹಳೆಯ ಕಾಗದಗಳ ಕಟ್ಟನ್ನು ಹಿಡಿದು, ಮುಖದಲ್ಲಿ ಸ್ವಲ್ಪ ಸಂಕೋಚವನ್ನೂ ಹೊತ್ತು ಬರುವವರೂ ಇದ್ದಾರೆ. ಅಜ್ಜನ ಜ್ಞಾನಸ್ನಾನದ ದಾಖಲೆ ಬೇಕು, ಅಜ್ಜಿಯ ಮರಣದ ತಾರೀಖು ಬೇಕು, ಚಿಕ್ಕಪ್ಪನ ಮದುವೆ ಯಾವ ಇಸವಿಯಲ್ಲಿ ಆಯಿತೆಂಬ ನಕಲು ಬೇಕು ಎಂದು ಕೇಳುತ್ತಾರೆ. ಕಾರಣವನ್ನು ಕೇಳುವ ಅಗತ್ಯವೇ ಇಲ್ಲ. ಎಲ್ಲೋ ಒಂದು ಹಿತ್ತಿಲು, ಒಂದು ತೆಂಗಿನ ತೋಟ, ಹಂಚಿನ ಮಾಡಿನ ಒಂದು ಮನೆ ಪಾಲಾಗಲಿಕ್ಕಿದೆ ಅಥವಾ ಪಾಲಾಗದೆ ನ್ಯಾಯಾಲಯದ ಮೆಟ್ಟಿಲನ್ನು ಏರಿದೆ.

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಇಗರ್ಜಿಯ ಕಟ್ಟಡದ ಇತಿಹಾಸವನ್ನು ಇತರರು ಬರೆದಿದ್ದಾರೆ. ನಾನಾದರೋ ಆ ದಾಖಲೆ ಪುಸ್ತಕಗಳ ಹಿಂದೆ ಅಡಗಿರುವ ಇನ್ನೊಂದು ಇತಿಹಾಸವನ್ನು ವಾಚಕರ ಮುಂದಿಡಲು ಬಯಸುತ್ತೇನೆ. ತಂದೆ ತೀರಿಕೊಂಡ ಮೇಲೆ ಮನೆ ಯಾರದು? ಮಗಳಿಗೆ ಪಾಲುಂಟೇ? ವಿಧವೆಯ ಗತಿಯೇನು? ಈ ಪ್ರಶ್ನೆಗಳಿಗೆ ಲೋಕದ ಬೇರೆ ಬೇರೆ ನ್ಯಾಯಪದ್ಧತಿಗಳು ಕೊಟ್ಟ ಉತ್ತರಗಳಲ್ಲಿ ಹಲವು ನಮ್ಮ ಮಂಗಳೂರಿನಲ್ಲಿಯೇ ಒಂದರ ಪಕ್ಕದಲ್ಲಿ ಒಂದು ಬಾಳಿವೆ ಎಂಬುದು ಸೋಜಿಗದ ಸಂಗತಿ.

ಪ್ರಾಚೀನರ ವಿಚಾರ

ಹಳೆಯ ಒಡಂಬಡಿಕೆಯ ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿ ಒಂದು ಪಾಲಿನ ವ್ಯಾಜ್ಯದ ವರದಿಯಿದೆ. ಚಲ್ಪಹಾದನೆಂಬವನು ಗಂಡು ಸಂತಾನವಿಲ್ಲದೆ ಸತ್ತನು. ಅವನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಭೂಮಿಯನ್ನು ಕೇಳಿದರು. ತೀರ್ಪು ಅವರ ಪರವಾಯಿತು. ಆದರೂ ಗಂಡುಮಗನಿದ್ದಲ್ಲಿ ಹೆಣ್ಣಿಗೆ ಪಾಲೆಂಬ ಮಾತು ಆ ತೀರ್ಪಿನಲ್ಲಿಲ್ಲ. ಇದ್ದುದು ಒಂದು ಬಾಗಿಲು ತೆರೆದಷ್ಟೇ ಅವಕಾಶ.

ಸೆಮಿನರಿಯಲ್ಲಿ ನಾವು ಲತೀನ್ ಭಾಷೆಯೊಡನೆ ರೋಮನರ ನ್ಯಾಯವನ್ನೂ ಸ್ವಲ್ಪ ಓದಿದ್ದುಂಟು. ಕ್ರಿಸ್ತಪೂರ್ವ ಐದನೆಯ ಶತಮಾನದ ಹನ್ನೆರಡು ಫಲಕಗಳ ಶಾಸನದಲ್ಲಿ ಉಯಿಲಿಲ್ಲದೆ ಸತ್ತವನ ಆಸ್ತಿಯು ಮೊದಲು ಅವನ ಅಧೀನದಲ್ಲಿದ್ದ ಮಕ್ಕಳಿಗೆ, ಅವರಿಲ್ಲದಿದ್ದರೆ ಗಂಡು ಕವಲಿನ ದಾಯಾದಿಗಳಿಗೆ ಹೋಗುತ್ತಿತ್ತು. ಕ್ರಿಸ್ತಪೂರ್ವ 169ರಲ್ಲಿ ಬಂದ ವೊಕೋನಿಯ ಶಾಸನವು, ಶ್ರೀಮಂತ ವರ್ಗದವನು ತನ್ನ ಒಬ್ಬಳೇ ಮಗಳನ್ನು ಸಹ ಉಯಿಲಿನಲ್ಲಿ ವಾರಸುದಾರಳಾಗಿ ಮಾಡಬಾರದೆಂದು ವಿಧಿಸಿತು. ಸಂತ ಅಗಸ್ಟಿನರು ತಮ್ಮ 'ದೇವನಗರ' ಗ್ರಂಥದಲ್ಲಿ ಈ ಶಾಸನದ ಅನ್ಯಾಯವನ್ನು ಕಟುವಾಗಿ ಖಂಡಿಸಿದ್ದಾರೆ. ಕೊನೆಗೆ ಕ್ರಿ.ಶ. 543ರಲ್ಲಿ ಚಕ್ರವರ್ತಿ ಜಸ್ಟಿನಿಯನನು ಹೊರಡಿಸಿದ 118ನೆಯ ನೂತನ ಶಾಸನವು ಗಂಡು ಕವಲು, ಹೆಣ್ಣು ಕವಲು ಎಂಬ ಭೇದವನ್ನೇ ಅಳಿಸಿಹಾಕಿ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲನ್ನು ಕೊಟ್ಟಿತು. ಅಂದರೆ ಹನ್ನೆರಡು ಫಲಕಗಳಿಂದ ಸಮಪಾಲಿನ ತನಕ ರೋಮನರು ನಡೆದ ದಾರಿ ಸುಮಾರು ಒಂದು ಸಾವಿರ ವರ್ಷಗಳಷ್ಟು ದೀರ್ಘವಾದುದು.

ಅಳಿಯಸಂತಾನದ ಕಟ್ಟು

ಇನ್ನು ನಮ್ಮ ನೆರೆಹೊರೆಯನ್ನು ನೋಡೋಣ. ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು, ಜೈನರು ಮುಂತಾದವರು ಅನುಸರಿಸಿ ಬಂದ ಅಳಿಯಸಂತಾನ ಪದ್ಧತಿಯನ್ನು ಅರಿಯದೆ ಈ ಜಿಲ್ಲೆಯ ಚರಿತ್ರೆಯನ್ನು ಅರಿಯಲಾಗದು. ಇದಕ್ಕೆ ಮೂಲವೆಂದು ಹೇಳುವ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ದೇವಪಾಂಡ್ಯನ ಹಡಗುಗಳನ್ನು ಬಿಟ್ಟುಕೊಡಲು ಕುಂಡೋದರನೆಂಬ ಭೂತವು ನರಬಲಿಯನ್ನು ಕೇಳಿತಂತೆ. ರಾಜನ ಪತ್ನಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿಯು ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸಿದಳು. ಸಂತುಷ್ಟವಾದ ಭೂತವು ಅವನನ್ನು ಬಲಿ ತೆಗೆದುಕೊಳ್ಳದೆ ಭೂತಾಳಪಾಂಡ್ಯನೆಂದು ಹೆಸರಿಟ್ಟಿತು. ಅಂದಿನಿಂದ ರಾಜ್ಯವೂ ಆಸ್ತಿಯೂ ಮಗನಿಗಲ್ಲ, ಅಳಿಯನಿಗೆ ಎಂಬ ಕಟ್ಟು ನಡೆಯಿತೆಂದು ಜನ ನಂಬಿಕೊಂಡು ಬಂದರು.

ಐತಿಹ್ಯ ಹೇಗೂ ಇರಲಿ, ಪದ್ಧತಿಯ ತಿರುಳು ಇಷ್ಟು: ಆಸ್ತಿ ಒಬ್ಬನದಲ್ಲ, ಕುಟುಂಬದ್ದು. ಕುಟುಂಬವೆಂದರೆ ಒಬ್ಬ ಮೂಲತಾಯಿಯ ಹೆಣ್ಣು ಕವಲಿನ ಸಂತತಿ. ಹಿರಿಯನಾದವನು ಯಜಮಾನ, ಹಿರಿಯಳಾದರೆ ಯಜಮಾನ್ತಿ. ಗಂಡಸಿನ ಮಕ್ಕಳು ಅವನ ಕುಟುಂಬಕ್ಕಲ್ಲ, ಅವರ ತಾಯಿಯ ಕುಟುಂಬಕ್ಕೆ ಸೇರಿದವರು. 1860ರ ದಶಕದಲ್ಲಿ ಮದರಾಸು ಹೈಕೋರ್ಟು, ಕುಟುಂಬದ ಒಬ್ಬ ಸದಸ್ಯನು ಬಲವಂತವಾಗಿ ಪಾಲು ಕೇಳುವ ಹಕ್ಕಿಲ್ಲವೆಂದು ತೀರ್ಮಾನಿಸಿದ ಮೇಲೆ, ಈ ಕುಟುಂಬಗಳು ಸುಮಾರು ಒಂದು ಶತಮಾನ ಕಾಲ ಕಾನೂನಿನ ಕಣ್ಣಿನಲ್ಲಿ ಅವಿಭಾಜ್ಯವಾಗಿಯೇ ಉಳಿದವು. 1949ರ ಮದರಾಸು ಅಳಿಯಸಂತಾನ ಕಾಯಿದೆಯು 'ಕವರು' ಎಂಬ ಕವಲಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಸದಸ್ಯನ ಪಾಲು ಅವನ ಮರಣಾನಂತರ ಅವನ ವಾರಸುದಾರರಿಗೆ ಹೋಗುವಂತೆ ಮಾಡಿತು. ಹೀಗೆ ಹಳೆಯ ಕಟ್ಟು ಕ್ರಮೇಣ ಸಡಿಲವಾಯಿತು.

ಇಂಗ್ಲೆಂಡಿನಲ್ಲಿ ಭೂಮಿಯೆಲ್ಲವೂ ಹಿರಿಯ ಮಗನಿಗೆ ಹೋಗುತ್ತಿದ್ದ ಕಾಲದಲ್ಲಿ, ಆ ದೇಶದಿಂದ ಬಂದ ನ್ಯಾಯಾಧೀಶರು ಮಂಗಳೂರಿನಲ್ಲಿ ಕುಳಿತು ಹೆಣ್ಣು ಕವಲಿನ ಹಕ್ಕನ್ನು ತೂಗಿ ನೋಡಬೇಕಾಯಿತು. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಎ. ಸಿ. ಬರ್ನೆಲ್ ಅವರಂಥ ವಿದ್ವಾಂಸರು ದೇಶೀಯ ಧರ್ಮಶಾಸ್ತ್ರಗಳ ಅಧ್ಯಯನಕ್ಕೆ ಕೈಹಾಕಿದ್ದು ಆಶ್ಚರ್ಯವಲ್ಲ.

ಬಳ್ಳಾರಿಯ ವಿಧವೆ

ಹಾಗಾದರೆ ಕ್ರೈಸ್ತರಿಗೆ ಯಾವ ನ್ಯಾಯ? ಹತ್ತೊಂಬತ್ತನೆಯ ಶತಮಾನದ ನಡುವಿನ ತನಕ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವಿರಲಿಲ್ಲ. ನಮ್ಮ ಪೂರ್ವಿಕರಲ್ಲಿ ಅನೇಕರು ಗೋವೆಯಿಂದ ವಲಸೆ ಬಂದವರು. ಕೊಂಕಣಿ ಭಾಷೆಯೊಡನೆ ಒಟ್ಟುಕುಟುಂಬದ ರೂಢಿಯನ್ನೂ ತಂದವರು. 1784ರಲ್ಲಿ ಶ್ರೀರಂಗಪಟ್ಟಣದ ಸೆರೆಗೆ ಒಯ್ಯಲ್ಪಟ್ಟು, 1799ರ ಬಳಿಕ ಹಿಂದಿರುಗಿ, ನೆಲವನ್ನು ಮತ್ತೆ ಹಸನು ಮಾಡಿಕೊಂಡವರು. ಕಳೆದುಕೊಂಡು ಗಳಿಸಿದ ಜನಕ್ಕೆ ಭೂಮಿಯ ಮೇಲಣ ಮಮತೆ ಹೆಚ್ಚು. ಅದನ್ನು ಗಂಡುಮಕ್ಕಳ ಕೈಯಲ್ಲಿಯೇ ಉಳಿಸಿಕೊಳ್ಳಬೇಕೆಂಬ ಹಠಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ನನಗೆ ತೋರುತ್ತದೆ.

ಮತಾಂತರವಾದವನು ತನ್ನ ಮನೆಯ ಪಾಲನ್ನು ಕಳೆದುಕೊಳ್ಳಬಾರದೆಂದು 1850ರ 21ನೆಯ ಕಾಯಿದೆಯು ವಿಧಿಸಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರ ಸಭೆಗೆ ಸೇರಿದವರಿಗೆ ಇದು ದೊಡ್ಡ ಪ್ರಶ್ನೆಯಾಗಿತ್ತು. ಆದರೆ ಅವನು ಸತ್ತ ಮೇಲೆ ಅವನ ಆಸ್ತಿಗೆ ಯಾವ ನ್ಯಾಯ ಎಂಬುದನ್ನು ಆ ಕಾಯಿದೆ ಹೇಳಲಿಲ್ಲ.

ಅದನ್ನು ಹೇಳಿಸಿದವಳು ಕನ್ನಡ ನಾಡಿನ ಬಳ್ಳಾರಿಯ ಒಬ್ಬ ವಿಧವೆ. ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯ ದಂಡಿನಲ್ಲಿ ಮ್ಯಾಥ್ಯೂ ಅಬ್ರಹಾಂ ಎಂಬವನಿದ್ದನು. ಅಸ್ಪೃಶ್ಯರೆನಿಸಿದ್ದ ಜಾತಿಯಿಂದ ಬಂದ ಮನೆತನದವನು, ಕ್ರೈಸ್ತನು. ಯುದ್ಧಸಾಮಗ್ರಿಯ ಉಗ್ರಾಣದಲ್ಲಿ ಸಣ್ಣ ಚಾಕರಿಯಿಂದ ಆರಂಭಿಸಿ, ಮದ್ಯದ ಗುತ್ತಿಗೆಯಿಂದ ದೊಡ್ಡ ಸಂಪತ್ತನ್ನು ಗಳಿಸಿದನು. 1820ರಲ್ಲಿ ಅವನು ಮದುವೆಯಾದ ಶಾರ್ಲೆಟ್ ಫಾಕ್ಸ್ ಯುರೋಪಿಯನ್ ರಕ್ತಸಂಬಂಧವಿದ್ದ ಸಮುದಾಯದವಳು. ಆ ಮನೆಯ ಉಡುಗೆ ತೊಡುಗೆ, ನಡೆ ನುಡಿಗಳೂ ಆ ಸಮುದಾಯದವೇ ಆದವು. 1842ರಲ್ಲಿ ಮ್ಯಾಥ್ಯೂ ಉಯಿಲು ಬರೆಯದೆ ತೀರಿಕೊಂಡನು. ವ್ಯಾಪಾರದಲ್ಲಿ ಜೊತೆಗಿದ್ದ ತಮ್ಮ ಫ್ರಾನ್ಸಿಸನು, "ನಾವು ಅವಿಭಕ್ತ ಕುಟುಂಬದ ಅಣ್ಣತಮ್ಮಂದಿರು, ಹಿಂದೂ ನ್ಯಾಯದ ಪ್ರಕಾರ ಆಸ್ತಿ ಒಟ್ಟಿನದು" ಎಂದು ವಾದಿಸಿದನು. ಶಾರ್ಲೆಟ್ ವ್ಯಾಜ್ಯ ಹೂಡಿದಳು.

ವ್ಯಾಜ್ಯವು ಬಳ್ಳಾರಿಯಿಂದ ಮದರಾಸಿಗೆ, ಮದರಾಸಿನಿಂದ ಲಂಡನ್ನಿನ ಪ್ರೀವಿ ಕೌನ್ಸಿಲಿಗೆ ಹೋಯಿತು. 1863ರಲ್ಲಿ ಲಾರ್ಡ್ ಕಿಂಗ್ಸ್‌ಡೌನ್ ತೀರ್ಪನ್ನಿತ್ತರು. ಕ್ರೈಸ್ತನಾದವನಿಗೆ ಹಿಂದೂ ನ್ಯಾಯದ ಬಂಧನ ತಾನಾಗಿ ಮುಂದುವರಿಯುವುದಿಲ್ಲ. ಹಳೆಯ ಧರ್ಮದೊಡನೆ ಹಳೆಯ ನ್ಯಾಯವನ್ನೂ ಬಿಡಬಹುದು, ಬೇಕಾದರೆ ಅದನ್ನು ಇಟ್ಟುಕೊಳ್ಳಲೂಬಹುದು. ಯಾವುದನ್ನು ಆರಿಸಿಕೊಂಡನೆಂಬುದನ್ನು ಅವನ ಬಾಳಿನ ರೀತಿಯಿಂದ ತಿಳಿಯಬೇಕು. ಮ್ಯಾಥ್ಯೂ ಹಿಂದೂ ಒಟ್ಟುಕುಟುಂಬದವನಾಗಿ ಬಾಳಿರಲಿಲ್ಲವೆಂದು ನ್ಯಾಯಪೀಠವು ಕಂಡುಕೊಂಡಿತು. ತೀರ್ಪು ನ್ಯಾಯವಾದುದು. ಆದರೆ ಅದರ ಫಲವಾಗಿ, ಪ್ರತಿಯೊಂದು ಕ್ರೈಸ್ತ ಮನೆಯೂ ತಾನು ಹೇಗೆ ಬಾಳಿದೆನೆಂಬುದನ್ನು ಸಾಕ್ಷಿ ಸಮೇತ ರುಜುವಾತು ಮಾಡಬೇಕಾದ ಪರಿಸ್ಥಿತಿ ಬಂದೊದಗಿತು.

1865ರ ಕಾಯಿದೆ

ಈ ಅನಿಶ್ಚಯಕ್ಕೆ ಕೊನೆ ಹಾಡಿದುದು 1865ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದುದೂ ಅದೇ ವರ್ಷ. ಊರಿನ ಮನೆಗಳ ಮಾಡು ಬದಲಾಗತೊಡಗಿದ ಕಾಲದಲ್ಲಿಯೇ, ಆ ಮಾಡಿನ ಕೆಳಗಣ ಕ್ರೈಸ್ತ ಮನೆಯವರ ಹಕ್ಕೂ ಬದಲಾಯಿತು. ಲಂಡನ್ನಿನ ಕಾನೂನು ಆಯೋಗವು ಸಿದ್ಧಪಡಿಸಿ, ಇಲ್ಲಿ ಹೆನ್ರಿ ಮೇಯ್ನ್ ಅವರು ಕಾನೂನು ಸದಸ್ಯರಾಗಿದ್ದಾಗ ಅಂಗೀಕೃತವಾದ ಈ ಕಾಯಿದೆಯು 1866ರ ಜನವರಿ 1ರಿಂದ ಜಾರಿಗೆ ಬಂದಿತು. ಹಿಂದೂಗಳಿಗೂ ಮುಸಲ್ಮಾನರಿಗೂ ಅದು ಅನ್ವಯಿಸಲಿಲ್ಲ. ನೆರೆಯ ಕೊಡಗಿನ ದೇಶೀಯ ಕ್ರೈಸ್ತರಿಗೂ 1868ರಲ್ಲಿ ವಿನಾಯಿತಿ ದೊರೆಯಿತು. ನಮ್ಮ ಜಿಲ್ಲೆಯ ಕ್ರೈಸ್ತರಾದರೋ ಅದರ ವ್ಯಾಪ್ತಿಯೊಳಗೆ ಬಂದರು.

ಅದರ ನಿಯಮ ಸರಳವಾದುದು. ಉಯಿಲಿಲ್ಲದೆ ಸತ್ತವನಿಗೆ ಪತ್ನಿಯೂ ಮಕ್ಕಳೂ ಇದ್ದರೆ, ಪತ್ನಿಗೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಮಕ್ಕಳಿಗೆ ಸಮಸಮವಾಗಿ. ಗಂಡು ಹೆಣ್ಣೆಂಬ ಭೇದವಿಲ್ಲ. ಒಂಬತ್ತು ಎಕರೆಯಿದ್ದರೆ ವಿಧವೆಗೆ ಮೂರು ಎಕರೆ. ಇಬ್ಬರು ಗಂಡು, ಒಬ್ಬಳು ಹೆಣ್ಣು ಇದ್ದರೆ ತಲೆಗೆ ಎರಡೆರಡು ಎಕರೆ. 1925ರಲ್ಲಿ ಈ ಕಾಯಿದೆಯನ್ನು ಇತರ ಕಾಯಿದೆಗಳೊಡನೆ ಕ್ರೋಡೀಕರಿಸಿ ಹೊಸ ಕಾಯಿದೆಯನ್ನು ಮಾಡಿದಾಗಲೂ ಈ ಲೆಕ್ಕ ಬದಲಾಗಲಿಲ್ಲ.

ಈ ಹಂಚಿಕೆಯ ಮೂಲವು 1670ರ ಒಂದು ಇಂಗ್ಲಿಷ್ ಶಾಸನದಲ್ಲಿದೆ. ಆದರೆ ಇಂಗ್ಲೆಂಡಿನಲ್ಲಿ ಅದು ಚರಾಸ್ತಿಗೆ ಮಾತ್ರ ಸಲ್ಲುತ್ತಿತ್ತು. ಭೂಮಿ ಹಿರಿಯ ಮಗನಿಗೆ ಎಂಬ ಅಲ್ಲಿಯ ಹಳೆಯ ನಿಯಮ ರದ್ದಾದುದು 1926ರ ಜನವರಿಯಿಂದ. ಅಂದರೆ ಇಂಗ್ಲೆಂಡಿನ ಹೆಣ್ಣುಮಗಳಿಗೆ ತಂದೆಯ ಭೂಮಿಯಲ್ಲಿ ಸಮಪಾಲು ದೊರೆಯುವುದಕ್ಕೆ ಅರುವತ್ತು ವರ್ಷ ಮೊದಲೇ ಮಂಗಳೂರಿನ ಕ್ರೈಸ್ತ ಹೆಣ್ಣುಮಗಳಿಗೆ ಅದು ಕಾಗದದ ಮೇಲೆ ದೊರೆತಿತ್ತು! ಕೇರಳದ ತಿರುವಾಂಕೂರಿನಲ್ಲಿ 1916ರ ಕಾಯಿದೆಯು ಕ್ರೈಸ್ತ ಮಗಳಿಗೆ ಕೊಟ್ಟದ್ದು ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಇವುಗಳಲ್ಲಿ ಕಡಿಮೆಯಾದುದು. ಮೇರಿ ರಾಯ್ ಎಂಬ ಮಹಿಳೆ ಸುಪ್ರೀಂ ಕೋರ್ಟಿನವರೆಗೆ ಹೋರಾಡಿ, 1951ರಿಂದಲೇ ಆ ಕಾಯಿದೆ ಊರ್ಜಿತದಲ್ಲಿಲ್ಲವೆಂಬ ತೀರ್ಪನ್ನು ಪಡೆದುದು 1986ರಲ್ಲಿ.

ನಮ್ಮವರು ಹೊಸ ಕಾಯಿದೆಯನ್ನು ಸಂತೋಷದಿಂದ ಸ್ವೀಕರಿಸಿದರೆಂದು ತಿಳಿಯಬೇಡಿ. 1886ರಲ್ಲಿ ಮದರಾಸು ಹೈಕೋರ್ಟಿನ ಮುಂದೆ ಬಂದ ಒಂದು ವ್ಯಾಜ್ಯದ ಹೆಸರು 'ತೆಲ್ಲಿಸ್ ವಿರುದ್ಧ ಸಲ್ಡಾನ್ಹಾ'. ಮನೆತನದ ಹೆಸರುಗಳು ನಮಗೆಲ್ಲ ಪರಿಚಿತವಾದುವೇ. ದೇಶೀಯ ಕ್ರೈಸ್ತರು ಹಿಂದೂ ಒಟ್ಟುಕುಟುಂಬದ ರೂಢಿಯಂತೆ ಬಾಳಿದರೂ, 1865ರ ಕಾಯಿದೆ ಬಂದ ಮೇಲೆ ಆ ಒಟ್ಟುಹಕ್ಕು ಅವರಿಗೆ ಸಲ್ಲದೆಂದು ನ್ಯಾಯಾಲಯವು ತೀರ್ಪಿತ್ತಿತು. ಪ್ರೀವಿ ಕೌನ್ಸಿಲು ತೆರೆದಿಟ್ಟಿದ್ದ ಆಯ್ಕೆಯ ಬಾಗಿಲು ಹೀಗೆ ಮುಚ್ಚಿತು.

ಉಯಿಲು ಎಂಬ ಹಿಂಬಾಗಿಲು

ಮುಂಬಾಗಿಲು ಮುಚ್ಚಿದರೂ ಹಿಂಬಾಗಿಲು ತೆರೆದೇ ಇತ್ತು. ಸಮಪಾಲಿನ ನಿಯಮವು ಉಯಿಲು ಬರೆಯದೆ ಸತ್ತಲ್ಲಿ ಮಾತ್ರ. ಉಯಿಲು ಬರೆದರೆ ಕ್ರೈಸ್ತನು ತನ್ನ ಸಮಸ್ತ ಆಸ್ತಿಯನ್ನು ತನಗೆ ಬೇಕಾದವರಿಗೆ ಕೊಡಬಹುದು. ಮಗಳಿಗೆ ಒಂದು ಕಾಸನ್ನೂ ಕೊಡದಿರಬಹುದು. ಈ ಸ್ವಾತಂತ್ರ್ಯ ಎಲ್ಲ ನ್ಯಾಯಪದ್ಧತಿಗಳಲ್ಲಿಯೂ ಇಲ್ಲ. ಮುಸಲ್ಮಾನರ ಶಾಸ್ತ್ರದಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದಂಶಕ್ಕಿಂತ ಹೆಚ್ಚನ್ನು ಉಯಿಲಿನ ಮೂಲಕ ಕೊಡುವಂತಿಲ್ಲ. 1804ರ ಫ್ರೆಂಚ್ ಸಂಹಿತೆಯು ಮಕ್ಕಳ ಪಾಲನ್ನು ತಂದೆಯ ಇಚ್ಛೆಗೆ ನಿಲುಕದಂತೆ ಕಾದಿರಿಸಿತು. ನಮ್ಮ ಪೂರ್ವಿಕರು ಬಿಟ್ಟುಬಂದ ಗೋವೆಯಲ್ಲಿ 1870ರಿಂದ ಜಾರಿಗೆ ಬಂದ ಪೋರ್ಚುಗೀಸ್ ನಾಗರಿಕ ಸಂಹಿತೆಯಂತೆ, ಬೇರೆ ಕರಾರಿಲ್ಲದಿದ್ದರೆ ಗಂಡ ಹೆಂಡಿರ ಆಸ್ತಿ ಇಬ್ಬರಿಗೂ ಅರ್ಧರ್ಧ. ತನ್ನ ಅರ್ಧದಲ್ಲಿಯೂ ಅರ್ಧವನ್ನು ಮಾತ್ರ ಒಬ್ಬನು ಉಯಿಲಿನಲ್ಲಿ ಇಚ್ಛೆಯಂತೆ ಕೊಡಬಹುದು, ಉಳಿದುದು ಮಕ್ಕಳ ಹಕ್ಕು. ಒಂದೇ ಮೂಲದ ಎರಡು ಕವಲುಗಳು! ಕಾಳಿ ನದಿಯ ಆಚೆ ಉಳಿದವರ ಹೆಣ್ಣುಮಗಳಿಗೆ ಕಾನೂನಿನ ಬೇಲಿಯುಂಟು, ಈಚೆ ಬಂದವರ ಹೆಣ್ಣುಮಗಳಿಗೆ ತಂದೆಯ ಮನಸ್ಸೇ ಬೇಲಿ.

ಉಯಿಲಿನ ಜೊತೆಗೆ ಇನ್ನೊಂದು ಉಪಾಯ ಹಕ್ಕುಬಿಡುಗಡೆ ಪತ್ರ. ಈ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಹೋಗಲು ಮನಸ್ಸು ಬಾರದು. ಗುರುದೀಕ್ಷೆ ಪಡೆದ ಹೊಸತರಲ್ಲಿ, ಒಂದು ಹಳ್ಳಿಯ ಇಗರ್ಜಿಯಲ್ಲಿ ಸಹಾಯಕ ಗುರುವಾಗಿದ್ದೆ. ಮದುವೆಯಾಗಿ ಎರಡು ಮಕ್ಕಳ ತಾಯಿಯಾದ ಒಬ್ಬ ಹೆಂಗಸು ಪೂಜೆಯ ಬಳಿಕ ಬಂದು, "ಫಾದರ್, ಅಣ್ಣಂದಿರು ಒಂದು ಕಾಗದಕ್ಕೆ ರುಜು ಹಾಕಲು ಹೇಳುತ್ತಾರೆ. ಹಾಕಲೇ?" ಎಂದು ಕೇಳಿದಳು. ನಾನು ಕಾಗದವನ್ನು ಓದಲೂ ಇಲ್ಲ. "ಮನೆಯ ಸಮಾಧಾನ ದೊಡ್ಡದು, ತಾಯಿ. ಹಾಕಿಬಿಡು" ಎಂದೆ. ಅವಳು ಹಾಕಿದಳು. ಕೆಲವು ವರ್ಷಗಳ ಬಳಿಕ ಗಂಡನನ್ನು ಕಳೆದುಕೊಂಡು ಮಕ್ಕಳೊಡನೆ ತವರಿಗೆ ಬಂದಾಗ, ಅದೇ ಅಣ್ಣಂದಿರ ಮನೆಯಲ್ಲಿ ಅವಳಿಗೆ ದೊರೆತುದು ಹಿಂದಿನ ಚಾವಡಿಯ ಒಂದು ಮೂಲೆ. ನನ್ನನ್ನು ಅವಳು ಎಂದೂ ದೂರಲಿಲ್ಲ. ಅದೇ ನನಗೆ ಇಂದಿಗೂ ಚುಚ್ಚುತ್ತದೆ. ಸಮಾಧಾನವೆಂಬ ಮಾತಿನಿಂದ ನಾನು ಅವಳ ಎರಡು ಎಕರೆಯನ್ನು ಬಿಟ್ಟುಕೊಡಿಸಿದ್ದೆ.

ವರದಕ್ಷಿಣೆ ಕೊಟ್ಟಾಯಿತಲ್ಲ, ಮತ್ತೇಕೆ ಪಾಲು ಎಂಬ ವಾದವನ್ನು ಅನೇಕರು ಮುಂದಿಡುತ್ತಾರೆ. ಕಾನೂನಿನಲ್ಲಿ ಇದಕ್ಕೆ ಆಧಾರವಿಲ್ಲ. ತಂದೆ ಜೀವಂತನಿರುವಾಗ ಕೊಟ್ಟುದನ್ನು ಮಗಳ ಪಾಲಿನಿಂದ ಕಳೆಯುವ ನಿಯಮ 1925ರ ಕಾಯಿದೆಯಲ್ಲಿಲ್ಲ. 1961ರಿಂದ ವರದಕ್ಷಿಣೆಯೇ ಅಪರಾಧ. ಒಂದು ಅಪರಾಧವನ್ನು ತೋರಿಸಿ ಇನ್ನೊಂದು ಹಕ್ಕನ್ನು ಕಸಿಯುವುದು ಎಂಥ ನ್ಯಾಯ?

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಈ ಜಿಲ್ಲೆಯ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದಾಗಲೂ ಇದೇ ಕಥೆ ಮತ್ತೆ ನಡೆಯಿತು. ಡಿಕ್ಲರೇಶನ್ ಕೊಟ್ಟವನು ಹಿರಿಯ ಮಗ. ಭೂನ್ಯಾಯಮಂಡಳಿಯ ಆದೇಶವೂ ಅವನ ಹೆಸರಿಗೇ ಬಂತು. ಗೇಣಿಯ ಗದ್ದೆಯಲ್ಲಿ ನೇಜಿ ನೆಟ್ಟ ತಂಗಿಯಂದಿರ ಹೆಸರು ಅದರಲ್ಲಿಲ್ಲ. ಅನೇಕ ಮನೆಗಳಲ್ಲಿ ವ್ಯಾಜ್ಯದ ಬೀಜ ಬಿದ್ದುದು ಅಂದೇ.

ಮಂಗಳೂರಿನಿಂದ ಸುಪ್ರೀಂ ಕೋರ್ಟಿಗೆ

ಉಯಿಲಿಗೆ ಸಂಬಂಧಿಸಿ ಕ್ರೈಸ್ತರಿಗೊಂದು ನಿಜವಾದ ಕುಂದುಕೊರತೆಯೂ ಇತ್ತು. 1925ರ ಕಾಯಿದೆಯ 213ನೆಯ ವಿಧಿಯಂತೆ, ಕ್ರೈಸ್ತನ ಉಯಿಲಿನ ಹಕ್ಕನ್ನು ನ್ಯಾಯಾಲಯದಲ್ಲಿ ಸ್ಥಾಪಿಸಬೇಕಾದರೆ ಮೊದಲು ಪ್ರೊಬೇಟ್ ಎಂಬ ಪ್ರಮಾಣಪತ್ರವನ್ನು ಪಡೆಯಬೇಕಾಗಿತ್ತು. ಮುಸಲ್ಮಾನರಿಗೆ ಈ ಕಟ್ಟಳೆ ಇರಲಿಲ್ಲ. ಹಿಂದೂಗಳಿಗೆ ಕಲ್ಕತ್ತ, ಮದರಾಸು, ಮುಂಬಯಿಗಳ ಸಂಬಂಧವಿದ್ದಲ್ಲಿ ಮಾತ್ರ ಇತ್ತು. ಪ್ರೊಬೇಟ್ ಎಂದರೆ ಶುಲ್ಕ, ವಕೀಲರು, ವರ್ಷಾನುಗಟ್ಟಲೆ ಕಾಯುವಿಕೆ. ಗಂಡನು ಮನೆಯನ್ನು ಹೆಂಡತಿಗೇ ಬರೆದಿಟ್ಟರೂ ಆ ವಿಧವೆ ಕೋರ್ಟಿಗೆ ಅಲೆಯಬೇಕು.

ಈ ಭೇದವನ್ನು ಪ್ರಶ್ನಿಸಿ ಮಂಗಳೂರಿನ ಕ್ಲಾರೆನ್ಸ್ ಪಾಯ್ಸ್ ಮುಂತಾದವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 2001ರಲ್ಲಿ ನ್ಯಾಯಾಲಯವು ಈ ವಿಧಿಯಲ್ಲಿ ಸಂವಿಧಾನ ವಿರೋಧವಾದ ಭೇದವಿಲ್ಲವೆಂದು ಅರ್ಜಿಯನ್ನು ತಿರಸ್ಕರಿಸಿತು. ಆದರೆ ನ್ಯಾಯಾಲಯದಲ್ಲಿ ಸೋತ ವಾದ ಸಂಸತ್ತಿನಲ್ಲಿ ಗೆದ್ದಿತು. 2002ರ ತಿದ್ದುಪಡಿಯು ಭಾರತೀಯ ಕ್ರೈಸ್ತರನ್ನು ಆ ಕಟ್ಟಳೆಯಿಂದ ಬಿಡುಗಡೆ ಮಾಡಿತು. ಮರುವರ್ಷ, ಅಂದರೆ 2003ರಲ್ಲಿ, ಕೇರಳದ ಗುರು ಜಾನ್ ವಳ್ಳಮಟ್ಟಂ ಅವರ ಅರ್ಜಿಯ ಮೇಲೆ ಅದೇ ನ್ಯಾಯಾಲಯವು 118ನೆಯ ವಿಧಿಯನ್ನು ರದ್ದುಪಡಿಸಿತು. ಹತ್ತಿರದ ಬಂಧುಗಳಿದ್ದವನು ಧರ್ಮಕಾರ್ಯಕ್ಕೆ ಆಸ್ತಿಯನ್ನು ಬರೆದಿಡಬೇಕಾದರೆ ಮರಣಕ್ಕೆ ಹನ್ನೆರಡು ತಿಂಗಳು ಮೊದಲೇ ಉಯಿಲು ಬರೆಯಬೇಕೆಂಬ ಆ ನಿಯಮ, ಇಂಗ್ಲೆಂಡಿನ 1736ರ ಶಾಸನವೊಂದರ ಪಳೆಯುಳಿಕೆ. ಇಂಗ್ಲೆಂಡೇ ತ್ಯಜಿಸಿದ್ದ ಅದನ್ನು ನಾವು ಹೊತ್ತುಕೊಂಡಿದ್ದೆವು.

ಇನ್ನೂ ಸರಿಯಾಗಬೇಕಾದುದು ಉಂಟು. ಮಕ್ಕಳಿಲ್ಲದೆ ಉಯಿಲಿಲ್ಲದೆ ಸತ್ತವನ ತಂದೆ ಜೀವಂತನಿದ್ದರೆ, ಪತ್ನಿಯ ಪಾಲು ಹೋಗಿ ಉಳಿದುದೆಲ್ಲ ತಂದೆಗೆ. ಹೆತ್ತ ತಾಯಿಗೆ ಏನೂ ಇಲ್ಲ. ತಾಯಿಗೂ ತಂದೆಗೂ ಸಮಪಾಲು ಇರಬೇಕೆಂದು ಕಾನೂನು ಆಯೋಗವು 2014ರಲ್ಲಿ ತನ್ನ 247ನೆಯ ವರದಿಯಲ್ಲಿ ಶಿಫಾರಸು ಮಾಡಿದೆ.

ಕೊನೆಯ ಮಾತು

ಸಂತ ಲೂಕರ ಶುಭಸಂದೇಶದಲ್ಲಿ ಒಬ್ಬನು ಯೇಸುವಿನ ಬಳಿಗೆ ಬಂದು, ಪಿತ್ರಾರ್ಜಿತದಲ್ಲಿ ಪಾಲು ಕೊಡುವಂತೆ ತನ್ನ ಅಣ್ಣನಿಗೆ ಹೇಳಬೇಕೆಂದು ಕೇಳುತ್ತಾನೆ. ಪ್ರಭು ಪಂಚಾಯತಿಗೆ ಒಪ್ಪುವುದಿಲ್ಲ. ಲೋಭದ ವಿಷಯದಲ್ಲಿ ಎಚ್ಚರಿಸುತ್ತಾರೆ. ಗುರುಗಳಾದ ನಾವೂ ಪಾಲು ಮಾಡುವವರಲ್ಲ. ಧರ್ಮಸಭೆಯ ಶಾಸನವೂ ಧರ್ಮಕಾರ್ಯದ ಉಯಿಲುಗಳಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ದೇಶದ ಕಾನೂನಿನ ವಿಧಿಗಳನ್ನು ಪಾಲಿಸಬೇಕೆಂದೇ ಹೇಳುತ್ತದೆ. ಆದರೆ ಆ ಎಚ್ಚರಿಕೆ ಪಾಲು ಕೇಳಿದವನಿಗೆ ಮಾತ್ರವೆಂದು ಓದಿ, ಪಾಲನ್ನು ಹಿಡಿದಿಟ್ಟುಕೊಂಡವನನ್ನು ಸುಮ್ಮನೆ ಬಿಟ್ಟ ಪ್ರಸಂಗಗಳು ನನ್ನಂಥವರ ಬಾಳಿನಲ್ಲಿ ಆಗಿವೆ. ಲೋಭ ಇಬ್ಬರನ್ನೂ ಕಾಡುತ್ತದೆ.

ಆದುದರಿಂದ ಈ ಸಂಚಿಕೆಯನ್ನು ಓದುವ ತಂದೆ ತಾಯಂದಿರಲ್ಲಿ ನನ್ನ ಬಿನ್ನಹ ಇಷ್ಟೆ. ಉಯಿಲು ಬರೆಯುವುದಾದರೆ ಆರೋಗ್ಯವಿರುವಾಗಲೇ, ಇಬ್ಬರು ಸಾಕ್ಷಿಗಳ ಮುಂದೆ, ಎಲ್ಲ ಮಕ್ಕಳನ್ನೂ ನೆನೆದು ಬರೆಯಿರಿ. ಬರೆಯದಿದ್ದರೆ ಕಾನೂನು ಎಲ್ಲರನ್ನೂ ಸಮನಾಗಿ ನೆನೆಯುತ್ತದೆ. ಆಗ ಅದಕ್ಕೆ ಅಡ್ಡಬರಬೇಡಿ. ಹೆಣ್ಣುಮಕ್ಕಳಲ್ಲಿ ಕೇಳಿಕೊಳ್ಳುವುದೇನೆಂದರೆ, ಓದದೆ ಯಾವ ಕಾಗದಕ್ಕೂ ರುಜು ಹಾಕಬೇಡಿ. ಯಾವ ಗುರು ಹೇಳಿದರೂ ಹಾಕಬೇಡಿ. ಧರ್ಮಕೇಂದ್ರದ ಜ್ಞಾನಸ್ನಾನ ಪುಸ್ತಕದಲ್ಲಿ ಮಗನ ಹೆಸರೂ ಮಗಳ ಹೆಸರೂ ಒಂದೇ ಶಾಯಿಯಲ್ಲಿ, ಒಂದೇ ಅಳತೆಯ ಸಾಲಿನಲ್ಲಿ ಬರೆಯಲ್ಪಟ್ಟಿವೆ. 1866ರಿಂದ ದೇಶದ ಕಾನೂನೂ ನಮ್ಮನ್ನು ಹಾಗೆಯೇ ಬರೆದಿದೆ. ಮನೆಯೊಳಗೂ ಹಾಗೆಯೇ ಬರೆಯುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.